ಎರಡೇ ದಿನದ ಕ್ರಿಸ್‌ಮಸ್ ಸಂತೆ

"ನಿಮ್ಮೂರಲ್ಲಿ ಅಂಥದ್ದೇನಿದೆ?" ಅಂತ ಇಲ್ಲಿನ ನಮ್ಮ ಕನ್ನಡದ ಗುಂಪಲ್ಲಿ ಒಬ್ಬರು ಕೇಳಿದ್ದು ಇನ್ನೂ ತಲೆಯಲ್ಲಿ ಕೊರೆಯುತ್ತಿದೆ. ನಾನು ಕರೆದಿದ್ದು ನಮ್ಮೂರಿನ ಕ್ರಿಸ್‌ಮಸ್ ಸಂತೆಗೆ. ಅವರೆಲ್ಲ ಅದೇ ಶನಿವಾರ ಬಸ್ ಮಾಡಿಕೊಂಡು ನ್ಯೂರೆಂಬರ್ಗ್‌ನ ಹೆಸರಾದ ಕ್ರಿಸ್‌ಮಸ್ ಸಂತೆಗೆ ಹೋದರು. ಹೋಗಲಿ, ಅದು ಅವರಿಷ್ಟ. ಆದರೆ ಆ ಪ್ರಶ್ನೆಗೆ ಉತ್ತರ ಕೊಡದೆ ನನಗೆ ಸಮಾಧಾನ ಇಲ್ಲ.

ನಮ್ಮೂರು ಅಂದರೆ ಈಗ ನಾವಿರುವ ಊರು. ದಕ್ಷಿಣ ಜರ್ಮನಿಯ ಹೈಲ್‌ಬ್ರಾನ್ ಹತ್ತಿರ, ಸುತ್ತ ದ್ರಾಕ್ಷಿ ತೋಟ, ನಡುವೆ ಒಂದು ಚರ್ಚು, ಚರ್ಚಿನ ಮುಂದೆ ಒಂದು ಪುಟ್ಟ ಬಯಲು. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳಿಗೆ ಅಡ್ವೆಂಟ್ ಅಂತಾರೆ. ಮನೆಮನೆಯಲ್ಲೂ ಹಸಿರು ಸೊಪ್ಪಿನ ಚಕ್ರದ ಮೇಲೆ ನಾಲ್ಕು ಮೇಣದಬತ್ತಿ ಇಟ್ಟು ವಾರಕ್ಕೊಂದು ಹಚ್ಚುತ್ತಾ ಹೋಗುತ್ತಾರೆ. ಎರಡನೇ ಬತ್ತಿ ಹಚ್ಚುವ ಶನಿವಾರ-ಭಾನುವಾರ ನಮ್ಮ ಸಂತೆ. ಎರಡೇ ದಿನ.

ಏನಿದೆ ಅಂತ ಕೇಳಿದಿರಲ್ವಾ, ಹೇಳ್ತೀನಿ. ಈ ಸಂತೆಯಲ್ಲಿ ಹೊರಗಿನ ವ್ಯಾಪಾರಿ ಒಬ್ಬರೂ ಇರಲ್ಲ. ಎಲ್ಲ ಅಂಗಡಿಯೂ ಊರಿನವರದ್ದೇ. ಇಂಥ ಊರುಗಳಲ್ಲಿ ಬೆಂಕಿ ಆರಿಸುವ ದಳದವರು ಸಂಬಳದವರಲ್ಲ, ಬೇರೆ ಕೆಲಸ ಮಾಡಿಕೊಂಡು ಊರಿಗಾಗಿ ದುಡಿಯುವವರು. ಅವರದ್ದು ಸಾಸೇಜ್ ಅಂಗಡಿ. ದ್ರಾಕ್ಷಿ ಬೆಳೆಗಾರರು ತಮ್ಮದೇ ಕೆಂಪು ವೈನಿಗೆ ಚಕ್ಕೆ, ಲವಂಗ, ಕಿತ್ತಳೆ ಹಾಕಿ ಬಿಸಿ ಮಾಡಿ ಕೊಡುತ್ತಾರೆ. ನಾಲ್ಕನೇ ಕ್ಲಾಸಿನ ಮಕ್ಕಳ ಅಪ್ಪ-ಅಮ್ಮಂದಿರು ಸುಡುವ ವಾಫಲ್‌ನ ದುಡ್ಡು ಮಕ್ಕಳ ಪ್ರವಾಸಕ್ಕೆ ಹೋಗುತ್ತದೆ. ಚರ್ಚಿನ ತುತ್ತೂರಿ ತಂಡದಲ್ಲಿ ಊದುವವರು ನಮ್ಮ ಬೇಕರಿಯವರು, ನನ್ನ ಮಗಳ ಟೀಚರ್, ಎದುರು ಮನೆ ಅಜ್ಜ. ನಾಲ್ಕೂವರೆಗೆಲ್ಲ ಕತ್ತಲಾಗುತ್ತೆ, ಚಳಿಗೆ ಬೆರಳು ಸೆಟೆದುಕೊಳ್ಳುತ್ತವೆ, ಆದರೂ ಒಬ್ಬರೂ ಮನೆಗೆ ಹೋಗಲ್ಲ.

ಈ ಸಲ ಅಲ್ಲಿ ನಮ್ಮದೂ ಒಂದು ಅಂಗಡಿ ಇತ್ತು. ಮಗಳ ಶಾಲೆಯವರು ಕೇಳಿದರು, ನಾವು ಹೂಂ ಅಂದೆವು. ಸಿಂಧನೂರಿನ ಗೆಳತಿ, ಬಳ್ಳಾರಿಯ ಗಂಡ-ಹೆಂಡತಿ, ಗಂಗಾವತಿಯ ಹುಡುಗ, ನಾನು, ನನ್ನ ಗಂಡ, ಊರಿಂದ ಬಂದಿರುವ ನಮ್ಮವ್ವ. ಮಾಡಿದ್ದು ಮಿರ್ಚಿ ಮತ್ತು ವಗ್ಗರಣಿ, ಅಂದರೆ ಮೆಣಸಿನಕಾಯಿ ಬಜ್ಜಿ ಮತ್ತು ಒಗ್ಗರಣೆ ಹಾಕಿದ ಮಂಡಾಳು (ಮಂಡಕ್ಕಿ)! ಮಂಡಾಳು ಅವ್ವನ ಸೂಟ್‌ಕೇಸಲ್ಲೇ ಬಂದಿತ್ತು, ಪುಠಾಣಿ ಪುಡಿ ಕೂಡ. ಮೆಣಸಿನಕಾಯಿ ಟರ್ಕಿಯವರ ಅಂಗಡಿಯದು, ಉದ್ದಕ್ಕೆ ದಪ್ಪಗೆ, ಖಾರ ಕಡಿಮೆ. ಇಲ್ಲಿನವರ ನಾಲಿಗೆಗೆ ಅದೇ ಸರಿ. ಅಜವಾನ, ಉಪ್ಪು, ಹುಣಸೆಹಣ್ಣು ಅರೆದು ಒಳಗೆ ಸವರಿದ್ದು ಬಳ್ಳಾರಿಯಕ್ಕ. ಮೊದಲು ಬಂದಿದ್ದು ಬೆಂಕಿ ದಳದ ಹುಡುಗರು. ಒಂದು ತಿಂದರು, ಹೋಗಿ ಇನ್ನೂ ನಾಲ್ಕು ಜನರನ್ನು ಎಳೆದುಕೊಂಡು ಬಂದರು. ಆಮೇಲೆ ಬಾಂಡ್ಲಿ ಮುಂದಿಂದ ಏಳೋಕೆ ಆಗಲಿಲ್ಲ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಹಿಟ್ಟು ಖಾಲಿ. ಗಂಗಾವತಿಯ ಹುಡುಗ ಸೈಕಲ್ ಹತ್ತಿ ಗೊತ್ತಿದ್ದವರ ಮನೆಮನೆಗೆ ಹೋಗಿ ಕಡ್ಲೆಹಿಟ್ಟು ಕೂಡಿಸಿಕೊಂಡು ಬಂದ.

ಅವ್ವ ಸ್ವೆಟರ್ ಮೇಲೆ ಕೋಟು, ಕೋಟಿನ ಮೇಲೆ ಶಾಲು ಹೊದ್ದು ಅಂಗಡಿ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಎದುರು ಮನೆ ಅಜ್ಜಿ ಬಂದು ಪಕ್ಕದಲ್ಲಿ ಕೂತರು. ಇವಳಿಗೆ ಜರ್ಮನ್ ಬರಲ್ಲ, ಅವರಿಗೆ ಕನ್ನಡ ಬರಲ್ಲ. ಒಂದು ಗಂಟೆ ಮಾತಾಡಿದರು. "ಬರ್ಲಿನ್ನಾಗಿರೋ ಮಗ ಬಂದಾನಂತ ನೋಡವ್ವ, ವರ್ಷದಾಗ ಇದೊಂದು ಸಲಾನ ಬರಾದಂತ" ಅಂದಳು ಅವ್ವ. ಹೇಗೆ ಗೊತ್ತಾಯ್ತೋ, ಅವಳನ್ನೇ ಕೇಳಬೇಕು.

ಆಮೇಲೆ ಅವಳೇ ಅಂದಿದ್ದು, "ನಮ್ಮೂರ ಮೊಹರಂ ಇದ್ದಂಗ ಐತೆಲ್ಲವಾ ಇದು." ನಾವು ಮುದಗಲ್‌ನವರು. ನಮ್ಮ ಮೊಹರಂ ಹೇಗಿರುತ್ತೆ ಅಂತ ರಾಯಚೂರು ಜಿಲ್ಲೆಯವರಿಗೆ ನಾನು ಹೇಳಬೇಕಿಲ್ಲ. ಗೋವಾಕ್ಕೆ, ಪುಣೆಗೆ, ಬೆಂಗಳೂರಿಗೆ ದುಡಿಯೋಕೆ ಹೋದವರು ಬೇರೆ ಯಾವುದಕ್ಕೆ ಬರದಿದ್ದರೂ ಅದಕ್ಕೆ ಬರುತ್ತಾರೆ. ಯಾವ ಜಾತಿ, ಯಾವ ಧರ್ಮ ಅಂತ ಯಾರೂ ಕೇಳಲ್ಲ. ಅದು ಊರಿನ ಹಬ್ಬ, ಅಷ್ಟೇ. ಕ್ರಿಸ್‌ಮಸ್ ಕೂಡ ನಮಗೆ ಹೊಸದೇನಲ್ಲ. ಮುದಗಲ್‌ನಲ್ಲಿ ತಲೆಮಾರುಗಳಿಂದ ಕ್ರೈಸ್ತರಿದ್ದಾರೆ, ಬಹಳ ಹಳೆಯ ಚರ್ಚಿದೆ. ಡಿಸೆಂಬರ್ ಬಂತೆಂದರೆ ಆ ಓಣಿಯಲ್ಲಿ ನಕ್ಷತ್ರದ ದೀಪ ತೂಗುತ್ತಿದ್ದವು, ಯೇಸು ಹುಟ್ಟಿದ ಕೊಟ್ಟಿಗೆಯ ಗೋದಲಿ ನೋಡೋಕೆ ಹೋಗುತ್ತಿದ್ದೆವು, ಗೆಳತಿ ಮನೆಯಿಂದ ಡಬ್ಬಿ ತುಂಬ ಕರ್ಚಿಕಾಯಿ ಬರುತ್ತಿತ್ತು.

ಅದಕ್ಕೇ ನನಗೆ ಆ ಪ್ರಶ್ನೆ ಅಷ್ಟು ಚುಚ್ಚಿದ್ದು. ಧಾರವಾಡದ ಹಾಸ್ಟೆಲ್‌ನಲ್ಲೂ ಇದನ್ನೇ ಕೇಳುತ್ತಿದ್ದರು, "ಮುದಗಲ್ಲಾ? ಅಲ್ಲೇನಿದೆ?" ವಿಜಯನಗರದವರು, ಆದಿಲ್‌ಶಾಹಿಗಳು ಹಿಡಿದು ಬಿಟ್ಟು ಮತ್ತೆ ಹಿಡಿದ ಕೋಟೆ ಇದೆ ಅಂದರೆ, "ಹಂಪಿ ನೋಡಿದೀವಲ್ಲ" ಅನ್ನೋರು. ಆವತ್ತು ಸುಮ್ನೆ ಇರುತ್ತಿದ್ದೆ. ಈಗ ಸುಮ್ಮನಿರೋಕೆ ಆಗಲ್ಲ.

ನ್ಯೂರೆಂಬರ್ಗ್ ಚೆನ್ನಾಗಿಲ್ಲ ಅಂತ ನಾನು ಹೇಳ್ತಿಲ್ಲ. ಹೋಗಿದ್ದೀನಿ, ನೋಡಿದ್ದೀನಿ. ಚರ್ಚಿನ ಮಾಳಿಗೆಯಿಂದ ಚಿನ್ನದ ಬಣ್ಣದ ಉಡುಪಿನ ಹುಡುಗಿ ಸಂತೆಗೆ ಚಾಲನೆ ಕೊಡುವುದು ನಿಜಕ್ಕೂ ನೋಡುವಂಥದ್ದು. ಡ್ರೆಸ್ಡನ್ ಸಂತೆ 1434ರಿಂದ ಇದೆ, ಅದೂ ದೊಡ್ಡ ವಿಷಯವೇ. ಎರಡು ವರ್ಷದ ಕೆಲಸಕ್ಕೆ ಬಂದವರು ಹೆಸರಾದ ಊರು ನೋಡಲಿ ಬಿಡಿ ಅಂತ ನನ್ನ ಗಂಡನೂ ಅಂದರು. ಆದರೆ ನ್ಯೂರೆಂಬರ್ಗ್ ಸಂತೆ ಡಿಸೆಂಬರ್ 24ರವರೆಗೆ ದಿನಾ ಇರುತ್ತೆ. ಯಾವ ದಿನ ಬೇಕಾದರೂ ಹೋಗಬಹುದು. ನಮ್ಮದು ವರ್ಷಕ್ಕೆ ಎರಡೇ ದಿನ. ಅದನ್ನೇ ಬಿಟ್ಟು ಹೋಗಬೇಕಿತ್ತಾ? ಅಲ್ಲಿ ಜನದ ನಡುವೆ ನೂಕಿಸಿಕೊಂಡು ನೋಡಿ ಬರಬಹುದು. ಅಂಗಡಿ ಒಳಗೆ ನಿಂತು ನಾಲ್ಕು ಮಿರ್ಚಿ ಕರಿಯೋಕೆ ಯಾರು ಕರೀತಾರೆ?

ಒಂದು ಮಾತು ಇಲ್ಲಿವರೆಗೆ ಯಾರಿಗೂ ಹೇಳಿಲ್ಲ. ಇಲ್ಲಿಗೆ ಬಂದ ಮೊದಲ ಚಳಿಗಾಲ ದಿನಾ ಅಳುತ್ತಿದ್ದೆ. ಗಂಡ ಆಫೀಸಿಗೆ ಹೋದ ಮೇಲೆ ಮಾತಾಡೋಕೆ ಒಂದು ಜೀವ ಇರಲಿಲ್ಲ. ಆ ಡಿಸೆಂಬರಿನಲ್ಲಿ ಇದೇ ಸಂತೆಯಲ್ಲಿ, ವಾಫಲ್ ಅಂಗಡಿಯವರು ಮಗುವನ್ನೆತ್ತಿಕೊಂಡು ನಿಂತಿದ್ದ ನನ್ನ ಕೈಗೆ ಸೌಟು ಕೊಟ್ಟು "ಸ್ವಲ್ಪ ಹಿಟ್ಟು ಹುಯ್ಯಿ" ಅಂತ ಸನ್ನೆ ಮಾಡಿದರು. ಮಾರನೇ ದಿನ ಬೇಕರಿಯಲ್ಲಿ ಅವರೇ ನನ್ನ ಹೆಸರು ಹಿಡಿದು ಕರೆದರು. ಯಾವ ದೊಡ್ಡ ಊರಿನ ಸಂತೆಯೂ ನನಗೆ ಅದನ್ನು ಕೊಡುತ್ತಿರಲಿಲ್ಲ.

ಇನ್ನೂ ಏನಿದೆ ಅಂತ ಕೇಳೋರು ಇದನ್ನೂ ಕೇಳಿಸಿಕೊಳ್ಳಿ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು ಹೊರತಂದ ಹರ್ಮನ್ ಮೊಗ್ಲಿಂಗ್ ಹುಟ್ಟಿದ್ದು ಇಲ್ಲೇ ಪಕ್ಕದ ಬ್ರಾಕನ್‌ಹೈಮ್‌ನಲ್ಲಿ. ಅದೂ ಇಂಥದ್ದೇ ದ್ರಾಕ್ಷಿ ತೋಟಗಳ ಪುಟ್ಟ ಊರು. ಮರುವರ್ಷ ಆ ಪತ್ರಿಕೆ ಕನ್ನಡ ಸಮಾಚಾರ ಅಂತ ಹೆಸರು ಬದಲಿಸಿಕೊಂಡು ಅಚ್ಚಾಗೋಕೆ ಹೋಗಿದ್ದು ನಮ್ಮ ಬಳ್ಳಾರಿಗೆ. ಇದನ್ನು ಬಳ್ಳಾರಿಯಕ್ಕ ಬಾಂಡ್ಲಿ ಮುಂದೆ ನಿಂತೇ ತನ್ನ ಹರಕು ಜರ್ಮನ್‌ನಲ್ಲಿ ತುತ್ತೂರಿ ಅಜ್ಜನಿಗೆ ಹೇಳಿದಳು. ಅಜ್ಜ ಬ್ರಾಕನ್‌ಹೈಮ್‌ನವರೇ! ಬಳ್ಳಾರಿ ಎಲ್ಲಿದೆ ಅಂತ ಫೋನಿನಲ್ಲಿ ಮ್ಯಾಪ್ ತೆಗೆಸಿ ನೋಡಿದರು.

ಮುಂದಿನ ವರ್ಷವೂ ಅಂಗಡಿ ನಮಗೇ ಅಂತ ಶಾಲೆಯವರು ಆಗಲೇ ಹೇಳಿದ್ದಾರೆ. ಎರಡನೇ ಅಡ್ವೆಂಟ್ ಶನಿವಾರ, ಬೆಳಿಗ್ಗೆ ಹತ್ತಕ್ಕೆ ಬಂದುಬಿಡಿ, ಮೆಣಸಿನಕಾಯಿ ಸೀಳೋಕೆ ಕೈ ಬೇಕು. ಬಸ್ ಮಾಡಿಕೊಂಡು ಹೋದವರನ್ನೂ ಸೇರಿಸಿಯೇ ಕರೀತಿದ್ದೀನಿ. ಊರಿಂದ ಬರುವವರು ಯಾರಾದರೂ ಇದ್ದರೆ ಮಂಡಾಳು ತನ್ನಿ, ಈ ಸಲದ್ದು ಸಾಲಲಿಲ್ಲ.