ಮೊದಲು ಭಾಷಣ, ಉಳಿದರೆ ಬ್ಯಾಂಡ್

ಬೆಂಗಳೂರಿನ ಕಾಲೇಜುಗಳಲ್ಲಿ ಫೆಸ್ಟ್ ಕಾಲ ಬಂತೆಂದರೆ ಗೋಡೆ ತುಂಬ ಪೋಸ್ಟರ್. ‘ವಿದ್ಯಾರ್ಥಿಗಳೇ ನಡೆಸುವ ಲೈವ್ ಶೋ! ನಮ್ಮೂರ ಹೊಸ ಬ್ಯಾಂಡ್‌ಗಳಿಗೆ ವೇದಿಕೆ!’ ಓದಿದರೆ ಖುಷಿಯಾಗುತ್ತದೆ. ಆದರೆ ಸ್ವಲ್ಪ ಹತ್ತಿರ ಹೋಗಿ ನೋಡಬೇಕು. ಮೇಲಿನ ಅರ್ಧದಲ್ಲಿ ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು. ಕೆಳಗಿನ ಅರ್ಧದಲ್ಲಿ ಕೋಚಿಂಗ್ ಸೆಂಟರ್, ಪಿಜಿ, ಬಿರಿಯಾನಿ ಅಂಗಡಿ. ಬ್ಯಾಂಡ್‌ಗಳ ಹೆಸರು? ಇದೆ, ಇದೆ. ಬಿರಿಯಾನಿಯ ಕೆಳಗೆ, ‘ಷರತ್ತುಗಳು ಅನ್ವಯ’ದ ಪಕ್ಕದಲ್ಲಿ.

ವಿದ್ಯಾರ್ಥಿಗಳೇ ನಡೆಸುತ್ತಾರೆ ಅನ್ನುವುದು ಸುಳ್ಳಲ್ಲ. ಕುರ್ಚಿ ಹೊರುವುದು, ಸ್ಪಾನ್ಸರ್ ಹುಡುಕಿ ಬಿಸಿಲಲ್ಲಿ ಅಲೆಯುವುದು, ಪೊಲೀಸ್ ಠಾಣೆಗೆ ಅರ್ಜಿ ಹಿಡಿದು ಓಡುವುದು, ಎಲ್ಲವೂ ಅವರದೇ. ತೀರ್ಮಾನ ಮಾತ್ರ ಕಮಿಟಿಯದ್ದು. ಹಾಡಿನ ಸಾಹಿತ್ಯ ಕೂಡ ಮೊದಲು ಕಮಿಟಿಗೆ ಹೋಗಬೇಕು.

‘ರಸ್ತೆ ಗುಂಡಿ ಬಗ್ಗೆ ಒಂದು ಹಾಡಿದೆ ಸಾರ್.’

‘ಬೇಡಪ್ಪ, ಎಂಎಲ್‌ಎ ಬರ್ತಿದ್ದಾರೆ. ಬೇರೆ ಏನಿದೆ?’

‘ಲವ್ ಸಾಂಗ್ ಇದೆ.’

‘ಅದೂ ಬೇಡ, ಪೇರೆಂಟ್ಸ್ ಬರ್ತಾರೆ.’

ಕಾರ್ಯಕ್ರಮ ಸಂಜೆ ಐದಕ್ಕೆ. ಅಂದರೆ ಆರೂವರೆಗೆ ಅಂತ ಎಲ್ಲರಿಗೂ ಗೊತ್ತು, ಬ್ಯಾಂಡಿನ ಹುಡುಗರನ್ನು ಬಿಟ್ಟು. ಪಾಪ, ಸೌಂಡ್ ಚೆಕ್ ಅಂತ ಮಧ್ಯಾಹ್ನವೇ ಡ್ರಮ್ಸ್ ಹೊತ್ತುಕೊಂಡು ಬಂದಿರುತ್ತಾರೆ. ಗೇಟಿನಲ್ಲಿ ಅವರಿಗೆ ಶಾಮಿಯಾನದವರ ದಾರಿ ತೋರಿಸುತ್ತಾರೆ.

ಆಮೇಲೆ ಶುರು. ಪ್ರಾರ್ಥನೆ. ನಾಡಗೀತೆ. ಸ್ವಾಗತ. ಪ್ರಾಸ್ತಾವಿಕ ನುಡಿ. ದೀಪ. ಗಾಳಿಗೆ ಆರಿದ ದೀಪ. ಮತ್ತೆ ದೀಪ. ಶಾಲು, ಹಾರ, ಮೈಸೂರು ಪೇಟ. ಪೇಟ ಹಾಕುವಾಗ ಫೋಟೋಗ್ರಾಫರ್ ಬೇರೆ ಕಡೆ ನೋಡುತ್ತಿದ್ದ, ಆದ್ದರಿಂದ ಪೇಟ ತೆಗೆದು ಇನ್ನೊಂದು ಸಲ.

ನಾಡಗೀತೆಯನ್ನು ಎರಡೂವರೆ ನಿಮಿಷದಲ್ಲಿ ಹಾಡಿ ಮುಗಿಸಬೇಕು ಅಂತ ಸರ್ಕಾರವೇ 2022ರಲ್ಲಿ ಆದೇಶ ಮಾಡಿದೆ. ಕುವೆಂಪು ಅವರಿಗೇ ಗಡಿಯಾರ ತೋರಿಸಿದ ರಾಜ್ಯ ನಮ್ಮದು. ಮುಖ್ಯ ಅತಿಥಿಗಳ ಭಾಷಣಕ್ಕೆ ಮಾತ್ರ ಇನ್ನೂ ಅಂಥ ಆದೇಶ ಬಂದಿಲ್ಲ. ‘ಎರಡೇ ಮಾತು ಹೇಳಿ ಮುಗಿಸ್ತೀನಿ’ ಎಂದವರು ಮುಕ್ಕಾಲು ಗಂಟೆಯ ನಂತರ ತಮ್ಮ ಹೈಸ್ಕೂಲಿನ ದಿನಗಳಿಗೆ ಬಂದು ತಲುಪಿರುತ್ತಾರೆ. ಭಾಷಣದ ವಿಷಯ: ಇಂದಿನ ಯುವಕರಿಗೆ ತಾಳ್ಮೆ ಇಲ್ಲ.

ಅಷ್ಟರಲ್ಲಿ ಒಂಬತ್ತಾಗಿರುತ್ತದೆ. ಬ್ಯಾಂಡ್‌ಗಳು ಐದು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರ ನಂತರ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಐದು ಬ್ಯಾಂಡಿಗೆ ಒಂದು ಗಂಟೆ, ತಲೆಗೆ ಹನ್ನೆರಡು ನಿಮಿಷ. ಅದರಲ್ಲಿ ಕೇಬಲ್ ಚುಚ್ಚಲು ಐದು, ಸ್ಪಾನ್ಸರ್‌ಗಳ ಹೆಸರು ಓದಲು ಮೂರು.

ಅದೇ ನಿಯಮದಲ್ಲಿ ಇನ್ನೊಂದು ಮಜಾ ಇದೆ. ಶಾಲೆ, ಕಾಲೇಜು, ಆಸ್ಪತ್ರೆ, ಕೋರ್ಟುಗಳ ಸುತ್ತಲಿನ 100 ಮೀಟರ್ ಜಾಗವನ್ನು ನಿಶ್ಶಬ್ದ ವಲಯ ಎಂದು ಘೋಷಿಸಬಹುದು. ಅಲ್ಲಿ ಹಗಲಿನ ಮಿತಿ 50 ಡೆಸಿಬೆಲ್. ಇಬ್ಬರು ನಿಂತು ಸುಮ್ನೆ ಮಾತಾಡಿದರೇ ಸುಮಾರು 60 ಆಗುತ್ತದೆ. ಅಂದರೆ ಹಿಂದಿನ ಬೆಂಚಿಗೆ ಕೇಳುವಂತೆ ಪಾಠ ಮಾಡುವ ಮೇಷ್ಟ್ರ ಮೇಲೂ ಒಂದು ಕೇಸು ಹಾಕಬಹುದು, ಅಲ್ವಾ? ಆದರೆ ಅಕ್ಕಪಕ್ಕದವರ ದೂರು ಬರುವುದು ಭಾಷಣ ಮುಗಿದು ಗಿಟಾರ್ ಶುರುವಾದ ಮೇಲೇ. ಹಬ್ಬಗಳಿಗಾದರೆ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿವರೆಗೆ ಮೈಕಿಗೆ ಅನುಮತಿ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಆ 15ರಲ್ಲಿ ಒಂದನ್ನು ಹುಡುಗರ ಬ್ಯಾಂಡಿಗೆ ಬಿಟ್ಟುಕೊಡಿ ಅಂತ ಕೇಳಲು ಯಾರಿಗಿದೆ ಧೈರ್ಯ?

ಬ್ಯಾಂಡ್ ವೇದಿಕೆಗೆ ಬಂದಾಗ ನಿರೂಪಕಿ ಉತ್ಸಾಹದಿಂದ ಕೂಗುತ್ತಾಳೆ: ‘ನಾಳೆಯ ರಘು ದೀಕ್ಷಿತ್ ಇಲ್ಲೇ ಇರಬಹುದು!’ ಇರಬಹುದು. ಮೈಸೂರಿನಲ್ಲಿ ‘ಅಂತರಾಗ್ನಿ’ ಬ್ಯಾಂಡ್ ಕಟ್ಟಿದ್ದ ರಘು ದೀಕ್ಷಿತ್ ಮುಂದೆ ಷರೀಫರ ಪದಗಳನ್ನು ಗಿಟಾರಿನ ಜೊತೆ ಹಾಡಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತೋತ್ಸವದವರೆಗೂ ಹೋದರು. ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ಎಂಬ ರಾಕ್ ಬ್ಯಾಂಡ್ 1996ರಿಂದ ಇದೇ ಬೆಂಗಳೂರಿನಲ್ಲಿ ತನ್ನ ಸ್ವಂತ ಹಾಡುಗಳನ್ನೇ ನುಡಿಸುತ್ತಾ ಬಂದಿದೆ. ಇಂಥವರ ಹೆಸರು ಹೇಳಿ ಚಪ್ಪಾಳೆ ಗಿಟ್ಟಿಸುವ ಸಭೆಯೇ, ಹುಡುಗರು ಸ್ವಂತ ಹಾಡಿನ ಎರಡನೇ ಸಾಲಿಗೆ ಬರುವಷ್ಟರಲ್ಲಿ ‘ಫಿಲಂ ಸಾಂಗ್ ಹಾಡ್ರೋ!’ ಅಂತ ಕೂಗುತ್ತದೆ.

ಸಂಭಾವನೆ ವಿಷಯ ಕೇಳಲೇಬೇಡಿ. ಕೊನೆಯ ದಿನದ ಸಿನಿಮಾ ಗಾಯಕರಿಗೆ ಲಕ್ಷಗಳ ಲೆಕ್ಕ, ವಿಮಾನದ ಟಿಕೆಟ್ಟು, ಹೋಟೆಲ್ ರೂಮು. ಹೊಸ ಬ್ಯಾಂಡಿಗೆ ಎಕ್ಸ್‌ಪೋಷರ್. ಜೊತೆಗೆ ಒಂದು ಸರ್ಟಿಫಿಕೇಟ್, ಅದರಲ್ಲಿ ಬ್ಯಾಂಡಿನ ಹೆಸರು ತಪ್ಪು. ಎಕ್ಸ್‌ಪೋಷರ್ ತೋರಿಸಿದರೆ ಟೆಂಪೋದವನು ಡ್ರಮ್ಸ್ ಮನೆಗೆ ಇಳಿಸುವುದಿಲ್ಲ. ಊಟದ ಕೂಪನ್ ಕೊಡುತ್ತಾರೆ, ಅದು ನಿಜ. ಒಂಬತ್ತಕ್ಕೆ ಕೌಂಟರ್ ಮುಚ್ಚುತ್ತದೆ, ಅದೂ ನಿಜ.

ಹತ್ತಕ್ಕೆ ಸರಿಯಾಗಿ ಪೊಲೀಸರ ಹೊಯ್ಸಳ ಗಾಡಿ ಗೇಟಿಗೆ ಬರುತ್ತದೆ. ನಾಲ್ಕನೇ ಬ್ಯಾಂಡಿನ ಕೊನೆಯ ಚರಣದಲ್ಲಿ ಕರೆಂಟು ತೆಗೆಯುತ್ತಾರೆ. ಐದನೆಯದಕ್ಕೆ ಮುಂದಿನ ವರ್ಷ ಖಂಡಿತ ಮೊದಲ ಚಾನ್ಸ್ ಎಂಬ ಭರವಸೆ. ಮೈಕ್ ಇಲ್ಲದಿದ್ದರೂ ವಂದನಾರ್ಪಣೆ ನಿಲ್ಲುವುದಿಲ್ಲ. ಅದನ್ನು ಗಂಟಲಲ್ಲೇ ಮುಗಿಸುತ್ತಾರೆ.

ಮರುದಿನ ಪೇಪರಿನಲ್ಲಿ ಫೋಟೋ ಸಮೇತ ಸುದ್ದಿ: ‘ಯುವ ಪ್ರತಿಭೆಗಳಿಗೆ ವೇದಿಕೆ ಅಗತ್ಯ: ಶಾಸಕ’. ಫೋಟೋದಲ್ಲಿ ಎಂಟು ಪೇಟಗಳು. ಕೊನೆಯ ಸಾಲಿನಲ್ಲಿ ಪ್ರಾಂಶುಪಾಲರು, ಟ್ರಸ್ಟಿಗಳು, ಬಿರಿಯಾನಿ ಅಂಗಡಿಯ ಮಾಲೀಕರು, ಮುಂತಾದವರು ಉಪಸ್ಥಿತರಿದ್ದರು. ಐದೂ ಬ್ಯಾಂಡ್‌ಗಳು ಆ ‘ಮುಂತಾದವರು’ ಒಳಗಿವೆ.