ಬಾಫೂನ್‌ನ ಮೂರು ಲಕ್ಷ ಕಲ್ಲುಗಳು ಮತ್ತು ಒಂದು ಫ್ರೆಂಚ್ ಸಂಸ್ಥೆಯ ಕಡತಗಳು

ಪರದೇಶಗಳಲ್ಲಿ ನೆಲೆಯೂರಿ ಕೆಲಸ ಮಾಡುವ ಪುರಾತತ್ವ ಸಂಸ್ಥೆಗಳ ಮಾತು ಬಂದಾಗಲೆಲ್ಲ ನಮ್ಮಲ್ಲಿ ಚರ್ಚೆ ಎರಡೇ ದಿಕ್ಕಿಗೆ ಹರಿಯುತ್ತದೆ. ಅವರು ಬರದೇ ಇದ್ದಿದ್ದರೆ ಆ ದೇವಾಲಯಗಳೆಲ್ಲ ಕಾಡುಪಾಲಾಗುತ್ತಿದ್ದವು ಎನ್ನುವವರು ಒಂದು ಕಡೆ, ಅವರು ಬಂದದ್ದೇ ದೋಚುವುದಕ್ಕೆ ಎನ್ನುವವರು ಇನ್ನೊಂದು ಕಡೆ. ಕಾಂಬೋಡಿಯದ ಅಂಕೋರ್‌ನಲ್ಲಿ ನಡುವೆ ಇಪ್ಪತ್ತು ವರ್ಷ ಬಿಟ್ಟರೆ ಒಂದು ಶತಮಾನದಿಂದ ಕೆಲಸ ಮಾಡುತ್ತಿರುವ ಫ್ರೆಂಚರ ‘ಎಕೋಲ್ ಫ್ರಾನ್ಸೇಸ್ ದೆಕ್ಸ್‌ಟ್ರೇಮ್ ಒರಿಯಾಂ’ ಎಂಬ ಸಂಸ್ಥೆಯ ಚರಿತ್ರೆಯಲ್ಲಿ ಈ ಎರಡೂ ವಾದಗಳಿಗೆ ಬೇಕಾದಷ್ಟು ಪುರಾವೆ ಸಿಗುತ್ತದೆ. ಆದರೆ ಇಂಥ ಸಂಸ್ಥೆಯನ್ನು ಅಳೆಯುವುದಕ್ಕೆ ನನಗೆ ಸರಿಯೆನಿಸುವ ಅಳತೆಗೋಲು ಬೇರೆ. ಅದು ಅಗೆದು ತೆಗೆದದ್ದಕ್ಕಿಂತ ಬರೆದಿಟ್ಟದ್ದೇನು, ಆ ಬರಹ ಇಂದು ಯಾರ ಕೈಗೆ ಎಟುಕುತ್ತದೆ ಎಂಬುದನ್ನು ನಾವು ನೋಡಬೇಕು.

ಸಂಸ್ಥೆ ಹುಟ್ಟಿದ್ದು ವಸಾಹತು ಆಡಳಿತದ ಮಡಿಲಲ್ಲಿ ಎಂಬುದನ್ನು ಮರೆಮಾಚುವ ಅಗತ್ಯವಿಲ್ಲ. ಫ್ರೆಂಚ್ ಇಂಡೋಚೀನದ ಗವರ್ನರ್ ಜನರಲ್ ಪಾಲ್ ದೂಮೇರ್ 1898ರಲ್ಲಿ ಸೈಗಾನ್‌ನಲ್ಲಿ ಅದನ್ನು ಆರಂಭಿಸಿದ. 1900ರಲ್ಲಿ ಈಗಿನ ಹೆಸರು ಬಂದಿತು, 1902ರಲ್ಲಿ ಕೇಂದ್ರ ಹನೋಯ್‌ಗೆ ಹೋಯಿತು. ಅಂಕೋರ್ ಇರುವ ಪ್ರಾಂತ್ಯವನ್ನು ಸಯಾಮ್ (ಈಗಿನ ಥಾಯ್ಲೆಂಡ್) 1907ರಲ್ಲಿ ಬಿಟ್ಟುಕೊಟ್ಟ ಮೇಲೆ ಅಲ್ಲಿನ ಸ್ಮಾರಕಗಳ ಉಸ್ತುವಾರಿಗೆ ಒಂದು ಕಚೇರಿ ತೆರೆಯಿತು. ಅದರ ಮೊದಲ ಮುಖ್ಯಸ್ಥ ಜಾನ್ ಕೊಮಾಯ್ 1916ರಲ್ಲಿ ಕೂಲಿಯಾಳುಗಳ ಸಂಬಳದ ಹಣ ತರುತ್ತಿದ್ದಾಗ ದರೋಡೆಕೋರರ ಕೈಯಲ್ಲಿ ಸತ್ತ.

ಅಲ್ಲಿಂದ ಏಳು ವರ್ಷಕ್ಕೆ ನಡೆದ ಪ್ರಸಂಗ ನನ್ನ ವಾದಕ್ಕೇ ತೊಡಕಾಗುವಂಥದ್ದು. ಹತ್ತನೆಯ ಶತಮಾನದ ಬಾಂತೇ ಸ್ರೇಯ್ ಎಂಬ ಕೆಂಪುಮರಳುಗಲ್ಲಿನ ಪುಟ್ಟ ಶಿವಾಲಯದ ಬಗ್ಗೆ ಸಂಸ್ಥೆಯ ವಾಸ್ತುಶಿಲ್ಪಿ ಆನ್ರಿ ಪಾರ್ಮಾಂತಿಯೇ 1919ರಲ್ಲಿ ಸಂಸ್ಥೆಯ ಪತ್ರಿಕೆಯಲ್ಲಿ ವಿವರವಾಗಿ ಬರೆದಿದ್ದ. ಅದನ್ನು ಓದಿಕೊಂಡ ಆಂದ್ರೆ ಮಾಲ್ರೋ ಎಂಬ ಇಪ್ಪತ್ತೆರಡರ ತರುಣ 1923ರಲ್ಲಿ ಅಲ್ಲಿಗೆ ಹೋಗಿ ಶಿಲ್ಪಗಳನ್ನು ಗರಗಸದಿಂದ ಕೊಯ್ದು ಸಾಗಿಸುವಾಗ ನೋಮ್ ಪೆನ್‌ನಲ್ಲಿ ಸಿಕ್ಕಿಬಿದ್ದ. ಮುಂದೆ ಈತನೇ ಫ್ರಾನ್ಸಿನ ಸಂಸ್ಕೃತಿ ಸಚಿವನಾದದ್ದು ಬೇರೆ ಕಥೆ. ಕಳ್ಳನಿಗೆ ದಾರಿ ತೋರಿದ್ದು ವಿದ್ವತ್‌ಪತ್ರಿಕೆಯೇ ಆಗಿತ್ತು. ಸಂಸ್ಥೆಯ ಕೈಯೂ ಪೂರ್ತಿ ಶುದ್ಧವಾಗಿರಲಿಲ್ಲ. ‘ಹೆಚ್ಚು ಮಹತ್ವವಿಲ್ಲದ’ ಶಿಲ್ಪಗಳೆಂದು ತಾನೇ ತೀರ್ಮಾನಿಸಿದ ವಸ್ತುಗಳನ್ನು ಅದು ಆ ಕಾಲದಲ್ಲಿ ಪ್ರವಾಸಿಗರಿಗೂ ವಿದೇಶಿ ಸಂಗ್ರಹಾಲಯಗಳಿಗೂ ಅಧಿಕೃತವಾಗಿಯೇ ಮಾರಿತು. ಮಾಲ್ರೋನನ್ನು ನ್ಯಾಯಾಲಯಕ್ಕೆ ಎಳೆದ ಆಡಳಿತವೇ ಇದಕ್ಕೆ ಅನುಮತಿ ಕೊಟ್ಟದ್ದನ್ನು ಬೇಲಿಯೇ ಎದ್ದು ಹೊಲ ಮೇಯ್ದದ್ದು ಎನ್ನದೆ ಬೇರೇನೆಂದು ಕರೆಯಬೇಕೋ ನನಗೆ ತಿಳಿಯದು.

ಹೀಗಿದ್ದೂ ನಾನು ದಾಖಲೆಯ ಪಕ್ಷ ವಹಿಸುವುದಕ್ಕೆ ಕಾರಣ ಅಂಕೋರ್‌ನ ಬಾಫೂನ್. ಹನ್ನೊಂದನೆಯ ಶತಮಾನದ ನಡುವಿನಲ್ಲಿ ಎರಡನೆಯ ಉದಯಾದಿತ್ಯವರ್ಮ ಕಟ್ಟಿಸಿದ ಈ ಶಿವಾಲಯ ಮೆಟ್ಟಿಲುಮೆಟ್ಟಿಲಾಗಿ ಏರುವ ಬೆಟ್ಟದಂಥ ರಚನೆ. ಅದರ ಹೊಟ್ಟೆಯಲ್ಲಿರುವುದು ಬರೀ ಮರಳು. ಮಳೆಗಾಲದ ನೀರು ಒಳಗಿಳಿದಂತೆಲ್ಲ ಮರಳು ಉಬ್ಬಿ ಹೊರಗೋಡೆಯನ್ನು ತಳ್ಳುತ್ತಿತ್ತು. 1943ರಲ್ಲಿ ಒಂದು ಭಾಗ ಕುಸಿದೂ ಹೋಯಿತು. ಹೊರಗಿನಿಂದ ತೇಪೆ ಹಾಕಿ ಪ್ರಯೋಜನವಿಲ್ಲವೆಂದು ಅಂಕೋರ್ ಕಚೇರಿಯ ಮುಖ್ಯಸ್ಥ ಬೆರ್ನಾರ್ ಫಿಲಿಪ್ ಗ್ರೋಲಿಯೇ 1960ರಲ್ಲಿ ಇಡೀ ಕಟ್ಟಡವನ್ನೇ ಬಿಚ್ಚಲು ಮೊದಲುಮಾಡಿಸಿದ. ಕಲ್ಲುಗಳನ್ನು ಒಂದೊಂದಾಗಿ ಇಳಿಸಿ, ಗುರುತು ಹಾಕಿ, ಸುತ್ತಲಿನ ಕಾಡಿನಲ್ಲಿ ಸಾಲಾಗಿ ಹಾಸಿಟ್ಟು, ಯಾವ ಕಲ್ಲು ಎಲ್ಲಿಯದೆಂಬುದನ್ನು ಕಡತಗಳಲ್ಲಿ ಬರೆದಿಡುತ್ತ ಹೋದರು. ಸುಮಾರು 3,00,000 ಕಲ್ಲುಗಳು ಹತ್ತು ಹೆಕ್ಟೇರಿನಷ್ಟು ಜಾಗದಲ್ಲಿ ಹರಡಿಕೊಂಡವು. ಅಷ್ಟರಲ್ಲಿ ಅಂತರ್ಯುದ್ಧ ಬಂದು ಕೆಲಸ ನಿಂತಿತು. 1975ರಲ್ಲಿ ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಬಂಡುಕೋರರ ಪಡೆಗಳು ನೋಮ್ ಪೆನ್ ಹಿಡಿದಾಗ ಅಲ್ಲಿದ್ದ ಆ ಕಡತಗಳು ನಾಶವಾದವು. ದೇವಾಲಯ ಬಿಚ್ಚಿಬಿದ್ದಿತ್ತು, ಅದನ್ನು ಮತ್ತೆ ಕಟ್ಟುವ ದಾರಿ ಹೇಳುವ ಕಾಗದ ಇರಲಿಲ್ಲ.

1995ರಲ್ಲಿ ಪಾಸ್ಕಾಲ್ ರೋಯೇರ್ ಎಂಬ ವಾಸ್ತುಶಿಲ್ಪಿಯ ನೇತೃತ್ವದಲ್ಲಿ ಕೆಲಸ ಮತ್ತೆ ಆರಂಭವಾದಾಗ ಅವರ ಬಳಿ ಇದ್ದದ್ದು ಪ್ಯಾರಿಸ್ಸಿನಲ್ಲಿ ಉಳಿದಿದ್ದ ಹಳೆಯ ಛಾಯಾಚಿತ್ರಗಳು, ಕೆಲವು ನಕ್ಷೆಗಳು ಮತ್ತು ಅರವತ್ತರ ದಶಕದಲ್ಲಿ ಅಲ್ಲಿ ದುಡಿದಿದ್ದ ಜಾಕ್ ದ್ಯುಮಾರ್ಸೇಯ ನೆನಪು. ಅಂಕೋರ್‌ನ ಕಟ್ಟಡಗಳಲ್ಲಿ ಗಾರೆಯಿಲ್ಲ. ಪಕ್ಕದ ಕಲ್ಲಿಗೆ ಸರಿಹೊಂದುವಂತೆ ಪ್ರತಿಯೊಂದು ಕಲ್ಲನ್ನೂ ಉಜ್ಜಿ ಕೂರಿಸಿರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಆ ಹೊಂದಾಣಿಕೆಯನ್ನೇ ಹಿಡಿದು, ಅಳೆದು, ಫೋಟೋಗಳೊಂದಿಗೆ ತಾಳೆ ನೋಡಿ, ಹದಿನಾರು ವರ್ಷ ದುಡಿದ ಮೇಲೆ 2011ರ ಜುಲೈ 3ರಂದು ದೇವಾಲಯ ಮತ್ತೆ ತೆರೆಯಿತು. ಪಶ್ಚಿಮದ ಗೋಡೆಯ ಮೇಲೆ ಇನ್ನೊಂದು ಇಕ್ಕಟ್ಟಿತ್ತು. ಶಿವಾಲಯ ಕಟ್ಟಿ ಕೆಲವು ಶತಮಾನ ಕಳೆದ ಮೇಲೆ ಬೌದ್ಧರು ಅದರದೇ ಕಲ್ಲುಗಳನ್ನು ಕಿತ್ತು ಎಪ್ಪತ್ತು ಮೀಟರ್ ಉದ್ದದ ಮಲಗಿದ ಬುದ್ಧನನ್ನು ಅಲ್ಲಿ ಮೂಡಿಸಿದ್ದರು. ಶುದ್ಧ ಹನ್ನೊಂದನೆಯ ಶತಮಾನಕ್ಕೆ ಹಿಂದಿರುಗಬೇಕೆಂಬ ಹಟವಿದ್ದಿದ್ದರೆ ಆ ಬುದ್ಧನನ್ನು ಅಳಿಸಬೇಕಾಗುತ್ತಿತ್ತು. ಅವರು ಎರಡನ್ನೂ ಉಳಿಸಿಕೊಂಡರು. ಒಂದು ಕಟ್ಟಡದ ಬದುಕಿನಲ್ಲಿ ಯಾವ ಕಾಲ ನಿಜವಾದದ್ದೆಂದು ಜಗಳಾಡುವ ನಮಗೆ ಈ ನಿರ್ಧಾರ ಗಮನಾರ್ಹವೆಂದು ನನ್ನ ಭಾವನೆ.

ಇಲ್ಲಿ ಎರಡು ಪಕ್ಷದವರಿಗೂ ಇರುಸುಮುರುಸು ತರುವ ಸಂಗತಿಯಿದೆ. ಎಲ್ಲ ದಾಖಲೆಯೂ ಆಯಾ ದೇಶದಲ್ಲಿಯೇ ಇರಬೇಕೆಂದು ಹೇಳುವವರು ಪ್ಯಾರಿಸ್ಸಿನಲ್ಲಿದ್ದ ಫೋಟೋಗಳೇ ಬಾಫೂನನ್ನು ಉಳಿಸಿದವೆಂಬುದನ್ನು ಒಪ್ಪಬೇಕಾಗುತ್ತದೆ. ನಮ್ಮಲ್ಲೇ ಭದ್ರ ಎಂದುಕೊಳ್ಳುವ ಸಂಸ್ಥೆಗಳೂ ಉತ್ತರಿಸಬೇಕಾದ ಪ್ರಶ್ನೆಯಿದೆ: ಮೂರು ಲಕ್ಷ ಕಲ್ಲುಗಳನ್ನು ನೆಲಕ್ಕಿಳಿಸುವಾಗ ಅವುಗಳ ಪಟ್ಟಿಯ ಪೂರ್ಣ ಪ್ರತಿಯೊಂದು ಬೇರೆಡೆ ಸುರಕ್ಷಿತವಾಗಿ ಏಕೆ ಉಳಿಯಲಿಲ್ಲ?

ದಾಖಲೆ ನ್ಯಾಯಾಲಯದಲ್ಲೂ ಸಾಕ್ಷಿ ಹೇಳುತ್ತದೆ. ಸಂಸ್ಥೆಯ ಹಳೆಯ ಫೋಟೋಗಳನ್ನು ಆಧರಿಸಿ ಅಂತರರಾಷ್ಟ್ರೀಯ ಸಂಗ್ರಹಾಲಯ ಮಂಡಳಿ 1993ರಲ್ಲಿ ಅಂಕೋರ್‌ನಿಂದ ಕಾಣೆಯಾದ ನೂರು ವಸ್ತುಗಳ ಪಟ್ಟಿ ಪ್ರಕಟಿಸಿತು. ಅದರಿಂದಾಗಿ ಹಲವು ವಸ್ತುಗಳು ಪತ್ತೆಯಾಗಿ ಹಿಂದಿರುಗಿದವು. ಕೋಹ್ ಕೇರ್‌ನ ಪ್ರಕರಣ ಇದಕ್ಕಿಂತಲೂ ಸ್ವಾರಸ್ಯಕರ. ಹತ್ತನೆಯ ಶತಮಾನದಲ್ಲಿ ಕೆಲಕಾಲ ರಾಜಧಾನಿಯಾಗಿದ್ದ ಆ ಊರಿನ ಪ್ರಾಸಾತ್ ಚೆನ್ ದೇವಾಲಯದಲ್ಲಿ ಪೀಠಗಳ ಮೇಲೆ ಬರೀ ಪಾದಗಳು ಉಳಿದಿದ್ದವು. ಮೇಲಿನ ಮೂರ್ತಿಗಳನ್ನು 1970ರ ದಶಕದಲ್ಲಿ ಒಡೆದು ಒಯ್ದಿದ್ದರು. ಅವುಗಳಲ್ಲೊಂದು 2011ರಲ್ಲಿ ನ್ಯೂಯಾರ್ಕಿನ ಸದಬೀಸ್ ಹರಾಜಿಗೆ ಬಂದಾಗ, ಸಂಸ್ಥೆಯ ಪುರಾತತ್ವಜ್ಞ ಎರಿಕ್ ಬೂರ್ದೊನ್ನೋ ಅದುವರೆಗೆ ಬಿಡಿಬಿಡಿಯಾಗಿ ನೋಡುತ್ತಿದ್ದ ಮೂರ್ತಿಗಳನ್ನು ಒಂದೇ ದೃಶ್ಯವಾಗಿ ಜೋಡಿಸಿ ಓದಿದರು. ಎದುರುಬದುರಾಗಿ ನಿಂತಿದ್ದವರು ಭೀಮ ಮತ್ತು ದುರ್ಯೋಧನ, ಅದು ಗದಾಯುದ್ಧದ ದೃಶ್ಯ. ಅದೇ ಶತಮಾನ ಮುಗಿಯುವ ಹೊತ್ತಿಗೆ ಕನ್ನಡದಲ್ಲಿ ಅದೇ ಕಾಳಗ ಮಹಾಕಾವ್ಯವಾಗಿ ಮೂಡಿತೆಂಬುದನ್ನು ಈ ಬರಹ ಓದುವವರಿಗೆ ನೆನಪಿಸಬೇಕಿಲ್ಲ. ದುರ್ಯೋಧನ 2014ರಲ್ಲಿ ಕಾಂಬೋಡಿಯಕ್ಕೆ ಮರಳಿದ. ಕ್ಯಾಲಿಫೋರ್ನಿಯದ ನಾರ್ಟನ್ ಸೈಮನ್ ಸಂಗ್ರಹಾಲಯದಲ್ಲಿದ್ದ ಭೀಮನೂ ಅದೇ ವರ್ಷ ಹಿಂದಿರುಗಿದ. ಅದೇ ದೇವಾಲಯದ, ಮಂಡಿಯೂರಿ ಕುಳಿತ ಎರಡು ಮೂರ್ತಿಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯ ಅದಕ್ಕೂ ಒಂದು ವರ್ಷ ಮೊದಲೇ ಕಳಿಸಿಕೊಟ್ಟಿತ್ತು.

ಶಾಸನಗಳ ಕೆಲಸ ಇಷ್ಟು ಸದ್ದು ಮಾಡುವುದಿಲ್ಲ. ನನಗಂತೂ ಅದೇ ಸಂಸ್ಥೆಯ ಅತ್ಯುತ್ತಮ ಸಾಧನೆ. 1929ರಿಂದ ಮುಖ್ಯಸ್ಥನಾಗಿದ್ದ ಜಾರ್ಜ್ ಸೆದೆಸ್ ಕಾಂಬೋಡಿಯದ ಸಂಸ್ಕೃತ ಮತ್ತು ಹಳೆಯ ಖ್ಮೇರ್ ಶಾಸನಗಳನ್ನು ಎಂಟು ಸಂಪುಟಗಳಲ್ಲಿ ಸಂಪಾದಿಸಿದ. ಅವು ದಕ್ಷಿಣ ಭಾರತದ ಲಿಪಿಯಿಂದ ಬೆಳೆದ ಅಕ್ಷರಗಳಲ್ಲಿವೆ, ನಮ್ಮ ಶಾಸನಗಳಂತೆಯೇ ಶಕವರ್ಷವನ್ನು ಎಣಿಸುತ್ತವೆ. ಪ್ರತಿ ಶಾಸನಕ್ಕೂ ‘ಕೆ’ ಎಂಬ ಅಕ್ಷರದೊಂದಿಗೆ ಒಂದು ಸಂಖ್ಯೆಯಿದೆ. ಕೆ. 127 ಎಂಬ ಶಾಸನದಲ್ಲಿ ಶಕವರ್ಷ 605 ಎಂಬುದನ್ನು ಬರೆಯುವಾಗ ನಡುವಿನ ಸೊನ್ನೆಯನ್ನು ಚುಕ್ಕೆಯಾಗಿ ಗುರುತಿಸಿದ್ದನ್ನು ಸೆದೆಸ್ 1931ರಲ್ಲಿ ತೋರಿಸಿಕೊಟ್ಟ. ಅದು ಕ್ರಿ.ಶ. 683. ಯುದ್ಧದ ಗೊಂದಲದಲ್ಲಿ ಕಲ್ಲು ಎಲ್ಲಿ ಹೋಯಿತೆಂದು ಬಹುಕಾಲ ತಿಳಿಯಲಿಲ್ಲ, 2013ರಲ್ಲಿ ಅಂಕೋರ್‌ನ ಉಗ್ರಾಣದಲ್ಲಿ ಸಿಕ್ಕಿತು. ಹುಡುಕುವವರಿಗೆ ದಾರಿಯಾದದ್ದು ಆ ಸಂಖ್ಯೆಯೇ.

ಹೆಲಿಕಾಪ್ಟರಿನಿಂದ ಲೇಸರ್ ಹಾಯಿಸಿ ಕಾಡಿನಡಿಯ ಬೀದಿಗಳನ್ನೂ ಕೆರೆಗಳನ್ನೂ ಗುರುತಿಸಿದ 2012ರ ಲಿಡಾರ್ ಸಮೀಕ್ಷೆಯಲ್ಲೂ ಈ ಸಂಸ್ಥೆ ಪಾಲುದಾರ. ಪತ್ರಿಕೆಗಳು ‘ಕಳೆದುಹೋದ ನಗರ’ ಎಂದು ಕೂಗಿದವು. ಸಂಸ್ಥೆಯದೇ ಪುರಾತತ್ವಜ್ಞ ಕ್ರಿಸ್ತೋಫ್ ಪೊತಿಯೇ 1990ರ ದಶಕದಲ್ಲಿ ನಡೆದಾಡಿ ತಯಾರಿಸಿದ ನಕ್ಷೆಗಳು ಅದಕ್ಕೆ ಮೊದಲೇ ಇದ್ದವೆಂಬುದನ್ನು ಬರೆದವರು ಕಡಿಮೆ.

ನನ್ನ ತಕರಾರು ಇರುವುದು ದಾಖಲೆಯ ಭಾಷೆ ಮತ್ತು ಹಕ್ಕಿನ ಬಗ್ಗೆ. ಅರ್ಧ ಶತಮಾನದವರೆಗೆ ಅಂಕೋರ್‌ನಲ್ಲಿ ಕಲ್ಲು ಎತ್ತಿದವರು ಖ್ಮೇರರು, ವರದಿಗೆ ಸಹಿ ಹಾಕಿದವರು ಫ್ರೆಂಚರು. ಸೆದೆಸ್‌ನ ಅನುವಾದಗಳು ಫ್ರೆಂಚಿನಲ್ಲಿವೆ. ತನ್ನ ಊರಿನ ಶಾಸನದ ಅರ್ಥ ತಿಳಿಯುವುದಕ್ಕೆ ಕಾಂಬೋಡಿಯದ ವಿದ್ಯಾರ್ಥಿಯೊಬ್ಬ ಮೊದಲು ಫ್ರೆಂಚ್ ಕಲಿಯಬೇಕಿತ್ತು. ಈಗ ಶಾಸನಪಾಠಗಳು ಅಂತರ್ಜಾಲದಲ್ಲಿ ತೆರೆದುಕೊಳ್ಳುತ್ತಿವೆ, ಅಂಕೋರ್‌ನ ಆಡಳಿತ 1995ರಲ್ಲಿ ಸ್ಥಾಪನೆಯಾದ ಅಪ್ಸರಾ ಎಂಬ ಕಾಂಬೋಡಿಯದ ಪ್ರಾಧಿಕಾರದ ಕೈಯಲ್ಲಿದೆ. ಇದು ತಡವಾಗಿ ಆದ ಒಳ್ಳೆಯ ಕೆಲಸ.

ಈ ಅಳತೆಗೋಲನ್ನು ನಮ್ಮ ಮೇಲೂ ಇಟ್ಟು ನೋಡಬೇಕು, ಏಕೆಂದರೆ ಅಂಕೋರ್‌ನಲ್ಲಿ ನಾವೂ ಪರದೇಶದವರೇ. ಭಾರತೀಯ ಪುರಾತತ್ವ ಸರ್ವೇಕ್ಷಣ 1986ರಿಂದ 1993ರವರೆಗೆ, ಬೇರೆ ದೇಶಗಳವರು ಕಾಲಿಡಲು ಹಿಂಜರಿಯುತ್ತಿದ್ದ ಕಾಲದಲ್ಲಿ, ಅಂಕೋರ್ ವಾಟ್‌ನಲ್ಲಿ ಕೆಲಸ ಮಾಡಿತು. ರಾಸಾಯನಿಕಗಳಿಂದ ಕಲ್ಲು ತೊಳೆದ ರೀತಿಗೆ ಟೀಕೆಯನ್ನೂ ಎದುರಿಸಿತು. ಬೇರುಗಳು ಗೋಡೆಯನ್ನು ಅಪ್ಪಿಕೊಂಡಿರುವ ತಾ ಪ್ರೋಮ್‌ನ ಸಂರಕ್ಷಣೆಯನ್ನೂ ಅದು ಆಮೇಲೆ ವಹಿಸಿಕೊಂಡಿತು. ಯಾವ ಕಲ್ಲಿಗೆ ಯಾವ ದ್ರಾವಣ ಬಳಸಿದರು, ಯಾವುದನ್ನು ಬದಲಿಸಿದರು ಎಂಬ ದಿನದಿನದ ಟಿಪ್ಪಣಿ, ಫೋಟೋ, ನಕ್ಷೆಗಳೆಲ್ಲ ಅಂಕೋರ್ ಪಕ್ಕದ ಸಿಯೆಮ್ ರೀಪ್ ಪಟ್ಟಣದ ವಿದ್ಯಾರ್ಥಿಗೆ ಯಾರ ಅಪ್ಪಣೆಗೂ ಕಾಯದೆ ಅಂತರ್ಜಾಲದಲ್ಲಿ ಸಿಗಬೇಕು. ನಮ್ಮ ಮೈಸೂರಿನಲ್ಲಿರುವ ಸರ್ವೇಕ್ಷಣದ ಶಾಸನ ವಿಭಾಗದ ಪಡಿಯಚ್ಚುಗಳ ವಿಷಯದಲ್ಲೂ ನಾನು ಕೇಳುವುದು ಇದನ್ನೇ. ಅಲ್ಲಿರುವ ಕನ್ನಡ ಶಾಸನಗಳ ಪ್ರತಿಯೊಂದು ಪಡಿಯಚ್ಚಿನ ಸ್ಪಷ್ಟ ಚಿತ್ರವೂ, ಆ ಶಾಸನ ನಿಂತಿರುವ ಹಳ್ಳಿಯ ಹೈಸ್ಕೂಲು ಮೇಷ್ಟರು ಫೋನಿನಲ್ಲಿಯೇ ತೆರೆದು ಮಕ್ಕಳಿಗೆ ತೋರಿಸುವಂತೆ, ಊರಿನ ಹೆಸರಿನಿಂದ ಹುಡುಕಿದರೆ ಸಿಗುವ ಹಾಗೆ ಇರಬೇಕು.