ಮಾತು ಬರಲಿ ಅಂತ ಕಾಯಬೇಡಿ

ನಮ್ಮ ಕಡೆ ಮಗುವಿಗೆ ಮಾತು ತಡವಾದರೆ ಮೊದಲು ಸಿಗುವುದು ಸಮಾಧಾನ. "ಅವರಪ್ಪನೂ ಮೂರು ವರ್ಷಕ್ಕೇ ಬಾಯಿ ಬಿಟ್ಟಿದ್ದು, ಸುಮ್ನಿರಿ." ಆಮೇಲೆ ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಾರೆ. ಆಮೇಲೆ ಹರಕೆ. ಅಷ್ಟರಲ್ಲಿ ಮಗುವಿಗೆ ನಾಲ್ಕು ತುಂಬಿರುತ್ತದೆ. ಹರಕೆ ಬಗ್ಗೆ ನನ್ನ ತಕರಾರಿಲ್ಲ. ಕಟ್ಟಿಕೊಂಡ ವಾರವೇ ಮಗುವನ್ನು ವಾಕ್ ಶ್ರವಣ ಸಂಸ್ಥೆಗೆ ತೋರಿಸಲು ಮೈಸೂರಿನ ಬಸ್ಸನ್ನೂ ಹತ್ತಿ, ಅಷ್ಟೇ.

ನನ್ನ ತಮ್ಮನ ಮಗಳಿಗೆ ಡೌನ್ ಸಿಂಡ್ರೋಮ್ ಇದೆ, ಅಂದರೆ ಹುಟ್ಟಿನಿಂದಲೇ ಬುದ್ಧಿ, ಮಾತಿನ ಬೆಳವಣಿಗೆ ನಿಧಾನವಾಗುವ ಸ್ಥಿತಿ. ಮನೆ ಮಂಡ್ಯದಲ್ಲಿ. ಅವಳಿಗೆ ವರ್ಷ ತುಂಬುವ ಮೊದಲೇ ಥೆರಪಿ ಶುರುವಾಯಿತು. ನೆಂಟರು ಬಂದಾಗೆಲ್ಲ ಕೇಳುತ್ತಿದ್ದರು, "ಮಾತೇ ಬಂದಿಲ್ಲ, ಈಗಲೇ ಸ್ಪೀಚ್ ಥೆರಪಿ ಯಾಕೆ?" ಯಾವ ಮಗುವೂ ಒಂದೇ ಸಲಕ್ಕೆ ಮಾತಾಡುವುದಿಲ್ಲ ಅಲ್ವಾ? ಮೊದಲು ಮುಖ ನೋಡುತ್ತದೆ. ನಾವು ತೋರಿಸಿದ ಕಡೆ ತಿರುಗುತ್ತದೆ. ನಾವು ಸದ್ದು ಮಾಡಿದರೆ ತಾನೂ ಮಾಡುತ್ತದೆ. ಬೇಕಾದ್ದಕ್ಕೆ ಬೆರಳು ತೋರಿಸುತ್ತದೆ. ಬುದ್ಧಿ ಬೆಳವಣಿಗೆ ನಿಧಾನವಾದ ಮಕ್ಕಳಿಗೆ ಇವೆಲ್ಲವೂ ತಡವಾಗಿ ಬರುತ್ತವೆ. ಅದಕ್ಕೇ ಥೆರಪಿ ಇಲ್ಲಿಂದಲೇ ಶುರುವಾಗಬೇಕು.

ಅದಕ್ಕೂ ಮೊದಲು ಕಿವಿ ಪರೀಕ್ಷೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಕಿವಿ ತಮಟೆಯ ಹಿಂದೆ ನೀರು ತುಂಬಿ ಸರಿಯಾಗಿ ಕೇಳಿಸದಿರುವುದು ಜಾಸ್ತಿ. ಎಳೆ ಕೂಸಿಗೂ, ನಿದ್ದೆಯಲ್ಲಿದ್ದಾಗಲೇ ಪರೀಕ್ಷೆ ಮಾಡಬಹುದು.

ಇನ್ನು ಥೆರಪಿ ಅಂದರೆ ಏನು? ನಾನು ನೋಡಿದ್ದು ಹೇಳುತ್ತೇನೆ. ಒಂದು ಕೈಯಲ್ಲಿ ಬಾಳೆಹಣ್ಣು, ಇನ್ನೊಂದರಲ್ಲಿ ಹಾಲಿನ ಲೋಟ ಹಿಡಿದು ಮಗುವಿನ ಎದುರು ಕೂರಬೇಕು. ಸುಮ್ಮನಿರಬೇಕು. ಮನಸ್ಸಿನಲ್ಲೇ ಹತ್ತು ಎಣಿಸಬೇಕು. ಮಗು ಹಣ್ಣಿನ ಕಡೆ ನೋಡಿದರೂ ಸಾಕು, ಅದೇ ಅದರ ಉತ್ತರ. "ಹಣ್ಣು! ಹಣ್ಣು ಬೇಕಾ?" ಅಂತ ಹೇಳಿ ತಕ್ಷಣ ಕೊಡಬೇಕು. ಮಗು "ಹಣ್ಣು" ಅನ್ನುವಷ್ಟಾದಾಗ ನಾವು "ಹಣ್ಣು ಕೊಡು" ಅನ್ನಬೇಕು. ಮಗುವಿಗಿಂತ ಒಂದೇ ಹೆಜ್ಜೆ ಮುಂದೆ.

ನಮ್ಮ ಮನೆಗಳಲ್ಲಿ ಕಷ್ಟ ಆಗುವುದು ಆ ಸುಮ್ಮನಿರುವ ಹೊತ್ತೇ. ಅತ್ತೆ, ಚಿಕ್ಕಪ್ಪ, ಪಕ್ಕದ ಮನೆಯವರು, ಎಲ್ಲರೂ ಮಗುವಿನ ಪರವಾಗಿ ತಾವೇ ಉತ್ತರ ಕೊಡುತ್ತಾರೆ. ಇಲ್ಲವಾದರೆ ಬಿಸ್ಕತ್ತು ಮೇಲೆತ್ತಿ "ಅಜ್ಜಿ ಅನ್ನು, ಕೊಡ್ತೀನಿ" ಅಂತ ಸತಾಯಿಸುತ್ತಾರೆ. ಅದು ಪರೀಕ್ಷೆ. ಪರೀಕ್ಷೆ ಅಂದರೆ ಯಾವ ಮಗು ಬಾಯಿ ಬಿಡುತ್ತದೆ?

ಇನ್ನೊಂದು ಹೆದರಿಕೆ, ಬೇಕಾದ್ದನ್ನು ತೋರಿಸಿ ಹೇಳಲು ಮಗುವಿಗೆ ಕಲಿಸುವ ಕೈಸನ್ನೆ, ಚಿತ್ರದ ಕಾರ್ಡಿನದ್ದು. ಅದು ರೂಢಿಯಾದರೆ ಮಾತು ಕಲಿಯುವುದಿಲ್ಲ ಅಂತ. ಇದು ನಿಜವಲ್ಲ. ಸನ್ನೆ, ಚಿತ್ರ ಬಳಸಿದ್ದರಿಂದ ಮಾತು ನಿಂತುಹೋಗುವುದಿಲ್ಲ ಅಂತ ಅಧ್ಯಯನಗಳು ಹೇಳುತ್ತವೆ, ಎಷ್ಟೋ ಮಕ್ಕಳಲ್ಲಿ ಮಾತಿಗೆ ನೆರವೂ ಆಗಿದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಸಾಮಾನ್ಯವಾಗಿ ತಮಗೆ ಎಷ್ಟು ಅರ್ಥವಾಗುತ್ತದೋ ಅಷ್ಟನ್ನು ಬಾಯಿಬಿಟ್ಟು ಹೇಳಲು ಬರುವುದಿಲ್ಲ. ಸನ್ನೆಯೂ ಇಲ್ಲದಿದ್ದರೆ ಅವರಿಗೆ ಉಳಿಯುವುದು ಅಳು, ರಚ್ಚೆ.

ಒಂದು ವರ್ಷಕ್ಕೆ ಬೆರಳು ತೋರಿಸದ, ತೊದಲದ ಮಗುವನ್ನು, ಎರಡು ವರ್ಷಕ್ಕೆ ಎರಡು ಪದ ಕೂಡಿಸದ ಮಗುವನ್ನು ಒಮ್ಮೆ ತೋರಿಸಿಬಿಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಶುರುವಾದ ವಾಕ್ ಶ್ರವಣ ಸಂಸ್ಥೆಗೆ ದೇಶದ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಮಂಡ್ಯದಿಂದ ಅದು ಸುಮಾರು 45 ಕಿ.ಮೀ. ನಾವೇ ಹೋಗುವುದಿಲ್ಲ!

ಹೋಗದಿರುವುದಕ್ಕೆ ಕಾರಣವೂ ಇದೆ, ಬರೀ ಅಸಡ್ಡೆ ಅನ್ನಲಾರೆ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಗಿದೆ, ದೊಡ್ಡ ಉಪಕಾರ. ಆದರೆ ಕಬ್ಬಿನ ಗದ್ದೆಗೆ ಕೂಲಿಗೆ ಹೋಗುವ ತಾಯಿಗೆ ಮೈಸೂರಿಗೆ ಹೋದ ದಿನದ ಕೂಲಿ ಹೋಯಿತು. ವಾರ ವಾರ ಎಷ್ಟು ದಿನ ಬಿಡುತ್ತಾಳೆ? ಥೆರಪಿ ದಿನದ ಕೂಲಿಯನ್ನು ಸರ್ಕಾರ ಕೊಡಬೇಕು ಅನ್ನುವುದು ನನ್ನ ವಾದ. ದುಬಾರಿ ಅನ್ನುವವರು, ಆ ಮಗು ದೊಡ್ಡದಾದ ಮೇಲೆ ತನಗೇನು ಬೇಕು ಅಂತ ಹೇಳಲಾಗದೆ ಮನೆಯಲ್ಲೇ ಕೂತರೆ ಆಗುವ ಖರ್ಚನ್ನೂ ಲೆಕ್ಕ ಹಾಕಲಿ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡಬೇಕು. ಬೆಳವಣಿಗೆ ತಡವಾಗಿದೆಯಾ ಅನ್ನುವುದೂ ಆ ತಪಾಸಣೆಯಲ್ಲಿ ಸೇರಿದೆ. ನಿಮ್ಮೂರಿಗೆ ಈ ವರ್ಷ ಬಂದಿದ್ದರಾ ಅಂತ ಅಂಗನವಾಡಿ ಟೀಚರನ್ನು ಒಮ್ಮೆ ಕೇಳಿ. ಬಂದಿಲ್ಲ ಅಂದರೆ ತಾಲ್ಲೂಕು ಆರೋಗ್ಯಾಧಿಕಾರಿಗೆ ಅರ್ಜಿ ಬರೆಯಲು ನಾನು ಸಿದ್ಧ, ಜೊತೆಗೆ ಸಹಿ ಹಾಕುವವರು ಬೇಕು.